ಎರಡು ನಯಾಪೈಸೆ

ಕುಡ್ತರಿಯ ಕೆರೆದಂಡೆಯ ಮನೆಗೆ ಕರೆದದ್ದು
ಕಿಟಕಿಯ ರಿಪೇರಿಗೆ. ಕೈಗೆ ಕೊಟ್ಟದ್ದು ಕೋವಿ.
ಸ್ಪೇನಿನ ಜೋಡುನಳಿಗೆ. ಕಬ್ಬಿಣ ಕನ್ನಡಿಯಂತಿದೆ,
ಮರದ ಹಿಡಿಯನ್ನು ಮಾತ್ರ ಗೆದ್ದಲು ಉಂಡಿದೆ.
"ಮೇಸ್ತ, ಹೊಸದು ಕೆತ್ತು. ಯಾವ ಮರವಾದರೂ ಸರಿ,
ನನ್ನ ಭುಜ ಅಳೆದು ಕೆತ್ತು," ಎಂದ
ಅವೆರ್ತಾನ್ ಬಾರ್ರೆಟ್, ವಯಸ್ಸು ಎಂಬತ್ಮೂರು.

ನಾನು ನರಗುಂದದವ. ನೇಗಿಲಿಗೆ ಮೇಳಿ ಕೆತ್ತಿದ ಮನೆತನ.
ಮೇಳಿ ಗೊತ್ತು, ಭುಜ ಗೊತ್ತು.
ಕೋವಿ ಗೊತ್ತಿಲ್ಲ ಎಂದೆ.

ಜೇಬಿನಿಂದ ನಾಣ್ಯ ತೆಗೆದ:
ಎರಡು ನಯಾಪೈಸೆ, ಅಂಚೆಲ್ಲ ಹೂವಿನೆಸಳು.
ಪೋರ್ತುಗೀಜರು ಹೋದ ಮರುವರ್ಷ
ಮಡಗಾಂವದ ಮೀನುಪೇಟೆಯಲ್ಲಿ ಚಿಲ್ಲರೆಯಾಗಿ ಬಂದದ್ದಂತೆ.
ಕೋವಿ ಮಡಚಿ ಬಲನಳಿಗೆಯ ಬಾಯಿಗೆ ಬಿಟ್ಟ.
ಠಣಠಣ ಒಳಗಿಳಿದು ಅಂಗೈಗೆ ಬಿತ್ತು.
ಎಡಬಾಯಿಗೆ ಇಟ್ಟ.
ಕೂತೇಬಿಟ್ಟಿತು, ಗಡಿಗೆಯ ಮೇಲಿನ ಮುಚ್ಚಳ.

"ಇದೇ ಚೋಕ್. ತುದಿಯಲ್ಲಿ ಹತ್ತು ಕೂದಲೆಳೆಯಷ್ಟು ಬಿಗಿ.
ಅಷ್ಟಕ್ಕೇ ನಲವತ್ತು ಗಜದಾಚೆಗೂ
ಚರೆ ಚದುರದೆ ಒಟ್ಟಿಗೆ ಹೋಗುತ್ತದೆ."
ಹಾಗಾದರೆ ಬಲದ್ದು ಎರಚು ಬಿತ್ತನೆ,
ಎಡದ್ದು ಕೂರಿಗೆ ಎಂದೆ.
ಕೂರಿಗೆ ಎಂದರೇನೆಂದು ಕೊಂಕಣಿಯಲ್ಲಿ ತಿಳಿಸಲು
ಅರ್ಧ ಚಹಾ ಆರಿತು.

ಬಿಸ್ಕೀಟಿನ ಡಬ್ಬಿಯಲ್ಲಿ ಒಂಬತ್ತು ತೋಟಾ.
ಕಾಗದದ ಮೈ. ಅದೆಷ್ಟು ಮಳೆಗಾಲ ಕುಡಿದವೋ,
ಉಬ್ಬಿ, ಗೂಡಿಗೇ ಹಿಡಿಸುವುದಿಲ್ಲ.
ಒಂದನ್ನು ಬಿಚ್ಚಿ ಸುರಿದ:
ಎಂಟು ನಂಬರಿನ ಚರೆ ಸಾಸಿವೆಯಷ್ಟು, ಉಲ್ಲಂಕಿಗೆ.
ಆರು ನಂಬರಿನದು ಸಜ್ಜೆ, ಕಾಡುಕೋಳಿಗೆ.
ಬಾತಿಗೆ ನಾಲ್ಕು. ಜೋಳಕ್ಕಿಂತ ತುಸು ಸಣ್ಣದು.
"ಉಲ್ಲಂಕಿ ಕಾಲಬುಡದಿಂದಲೇ ಏಳುತ್ತದೆ, ಅಂಕುಡೊಂಕು.
ಮೊದಲು ಬಲ, ತೆರೆದ ಬಾಯಿ. ತಪ್ಪಿ ದೂರ ಹೋದರೆ ಎಡ.
ಅವಸರದಲ್ಲಿ ಎಡ ಒತ್ತಿದೆಯೋ,
ತಾಗಿದರೂ ತಟ್ಟೆಗೆ ಬರುವುದು ಬರೀ ಪುಕ್ಕ."

ಅಂಗಳದಲ್ಲಿ ಕ್ರಿಸ್‌ಮಸ್ಸಿನ ಪೆರು
ನನ್ನ ಉಜ್ಜುಗೊರಡಿನ ಸದ್ದಿಗೆಲ್ಲ ಗುಳುಗುಳು ಉತ್ತರಿಸುತ್ತಿತ್ತು.
ಇದಕ್ಕೆ ಯಾವ ನಂಬರು? ತಮಾಷೆಗೆ ಕೇಳಿದೆ.
ಅವನು ತಮಾಷೆ ಮಾಡಲಿಲ್ಲ.
"ಐದು. ಎಲ್ಲಕ್ಕಿಂತ ಬಿಗಿಯ ಚೋಕ್.
ಮೈಗೆ ಹೊಡೆದರೆ ದಂಡ, ರೆಕ್ಕೆಯೇ ಗುರಾಣಿ.
ಮರಕ್ಕೆ ಬೆನ್ನು ಕೊಟ್ಟು ಅಲುಗದೆ ಕಾಯಬೇಕು. ಗುರಿ ಕತ್ತಿಗೆ."
ಪೆರು ಮೂರಡಿ ದೂರದಲ್ಲಿ
ನನ್ನ ಮರದ ಸಿಪ್ಪೆ ಹೆಕ್ಕುತ್ತಿತ್ತು.
ಒಳಗಿನಿಂದ ಕ್ವಿತೇರಿಯಾ:
"ನಾಳೆ ಅದಕ್ಕೆ ಎರಡು ಚಮಚ ಫೆನಿ, ಒಂದು ಚೂರಿ. ಚೋಕಂತೆ!"

ಅಳತೆಗೆಂದು ಅಂಗಿ ಬಿಚ್ಚಿ ನಿಂತ.
ಹಳೆಯ ಹಿಡಿಯ ಲೆಕ್ಕಕ್ಕೆ ಈ ಭುಜ
ಮುಕ್ಕಾಲು ಇಂಚು ಒಳಗೆ ಹೋಗಿದೆ.
ಹೇಳಲಿಲ್ಲ. ಮುಕ್ಕಾಲು ಇಂಚು ಕಡಿಮೆ ಕೊಯ್ದೆ,
ಕೆನ್ನೆ ತಾಗುವಲ್ಲಿ ಇನ್ನೊಂದು ಸಲ ಮರಳುಕಾಗದ ಆಡಿಸಿದೆ.
ಎತ್ತಿ ಹಿಡಿದವನೇ ಎಂದ:
"ನೋಡು, ಮೊದಲಿನ ಹಾಗೇ ಇದೆ."

ಬೇಟೆಗೆ ಕಾನೂನು ಬೀಗ ಹಾಕಿ ಐವತ್ತು ವರ್ಷವಾಯಿತು.
ಕೆರೆಯಿಂದ ಒಂದು ಹಿಂಡು ಎದ್ದಿತು.
ಖಾಲಿ ಕೋವಿ ಅದರೊಂದಿಗೇ ತಿರುಗಿತು,
ನಡುಗುವ ಆ ಕೈ ನಡುಗಲಿಲ್ಲ.
"ಬಲ," ಎಂದ, ಬರೀ ಬಾಯಲ್ಲಿ.
ಅವು ಚರ್ಚಿನ ಆಚೆ ಸಣ್ಣದಾಗುವ ತನಕ ಕಾದು,
"ಎಡ."

ಚುನಾವಣೆ ಬಂತೆಂದು ಕೋವಿ ಠಾಣೆಗೆ ಒಪ್ಪಿಸಬೇಕು.
ಗೋಣಿಯಲ್ಲಿ ಸುತ್ತಿಕೊಂಡು ನನ್ನ ಸ್ಕೂಟರಿನ ಹಿಂದೆ ಕೂತ.
ಪೇದೆ ದಪ್ಪ ಪುಸ್ತಕ ತೆಗೆದು ಬರೆದ:
ಜೋಡುನಳಿಗೆ ಒಂದು. ಹಿಡಿ, ಹೊಸದು.
ತೋಟಾ ಎಂಟು, ಕೆಟ್ಟವು.
ಬಾಯಿ ಕೆಳಗೆ ಮಾಡಿ ಮಡಚಿದ.
ಬಲನಳಿಗೆಯಿಂದ ಠಣ್ಣೆಂದು ಮೇಜಿಗೆ ಬಿದ್ದು
ಪುಸ್ತಕದ ಮೇಲೆಲ್ಲ ಓಡಾಡಿ ಮಲಗಿತು ನಾಣ್ಯ.
ಪೇದೆ ಪೆನ್ನು ಎತ್ತಿ ನಮ್ಮಿಬ್ಬರನ್ನೂ ನೋಡಿದ:
"ಇದನ್ನ ಎಲ್ಲಿ ಬರೀಲಿ?"