ಬುಧವಾರದ ಗೇರು

ಬರುತ್ತದೆ, ಹೋಗುತ್ತದೆ.
ಅದೇ ತೊಂದರೆ.

ಲಲಿತಮಹಲಿನ ಏರಿನಲ್ಲಿ, ಮೂರನೇ ಗೇರಿನಲ್ಲಿ,
ಸ್ಟೇರಿಂಗ್ ಪಕ್ಕದ ಕಡ್ಡಿ ಕೈಕೆಳಗೇ ಜಾರಿ
ನ್ಯೂಟ್ರಲ್ಲಿಗೆ ಬಂದು ಕೂರುತ್ತದೆ.
ಎಂಜಿನ್ನು ಒಂದೇ ಕಿರುಚುತ್ತದೆ,
ನನ್ನ ಹಳೇ ಪದ್ಮಿನಿ ಹಿಂದಕ್ಕೆ ಸರಿಯಲು ನೋಡುತ್ತದೆ,
ಹಿಂದಿನ ಟಾಂಗಾದವನು "ಏನಮ್ಮೋ" ಅನ್ನುತ್ತಾನೆ.
ಮತ್ತೆ ಹಾಕಿದರೆ ಬೀಳುತ್ತದೆ,
ಏನೂ ಆಗದ ಹಾಗೆ.

ಮಂಡಿ ಮೊಹಲ್ಲಾದಲ್ಲಿ ಇಬ್ಬರು ನೋಡಿದರು.
ಒಬ್ಬ ಗೇರ್ ಆಯಿಲ್ ಬದಲಿಸಿ ದುಡ್ಡು ಎಣಿಸಿದ.
ಇನ್ನೊಬ್ಬ ಒಂದು ಸುತ್ತು ಹೊಡೆದು ಬಂದು
ಬೀಗದ ಕೈ ಕೊಡುತ್ತ ನನ್ನ ಚಪ್ಪಲಿ ನೋಡಿದ:
"ಗಾಡಿ ಚೆನ್ನಾಗೈತೆ ಅಮ್ಮಾ.
ಕ್ಲಚ್ ಮೇಲೆ ಕಾಲಿಟ್ಕೊಂಡು ಓಡಿಸ್ಬೇಡಿ."

ಸಿಟ್ಟು ಬರಲಿಲ್ಲ. ಇಂಥ ರೋಗ ಕಂಡಿದ್ದೇನೆ,
ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ, ಮೂವತ್ತೊಂದು ವರ್ಷ:
ರಾತ್ರಿಯೆಲ್ಲ ಹಲ್ಲು ಕಟಕಟ ನಡುಗಿದವಳು
ಡಾಕ್ಟರು ಬರುವ ಹೊತ್ತಿಗೆ ತಲೆ ಬಾಚಿ, ಹೂ ಮುಡಿದು
"ಚೆನ್ನಾಗಿದೀನಿ ಸಾರ್" ಅನ್ನುವಳು.
ಆಗ ಮಾತಾಡುವುದು
ಮಂಚದ ಕಾಲಿಗೆ ತೂಗುಹಾಕಿದ ಕಾಗದ.

ಹಳೇ ಡೈರಿಗೆ ಸ್ಕೇಲಿಟ್ಟು ಗೆರೆ ಎಳೆದೆ.
ತಾರೀಕು, ಹೊತ್ತು, ಜಾಗ, ವೇಗ,
ಎಂಜಿನ್ನು ಬಿಸಿಯೋ ತಣ್ಣಗೋ, ಮಳೆಯೋ ಬಿಸಿಲೋ,
ಪೆಟ್ರೋಲು ಎಷ್ಟಿತ್ತು.
ಏಳು ವಾರ. ಒಂಬತ್ತು ಸಲ ಜಾರಿತು.
ಜಾರದ ದಿನವನ್ನೂ ಬರೆದೆ,
ಜ್ವರವಿಲ್ಲದ ದಿನಕ್ಕೂ ಚಾರ್ಟಿನಲ್ಲಿ ಒಂದು ಚುಕ್ಕಿ ಬೇಕು.

ಬನ್ನಿಮಂಟಪದ ಇನಾಯತ್ ಬಾನೆಟ್ ಎತ್ತಲಿಲ್ಲ.
ಕೈ ಒರೆಸಿಕೊಂಡು, ಟೂಲ್ ಡಬ್ಬದ ಮೇಲೆ ಕೂತು
ತುಟಿ ಆಡಿಸುತ್ತ ಡೈರಿ ಓದಿದ.
ಎರಡು ಸಲ ಓದಿ ಕೇಳಿದ:
"ಗಾಡೀಲಿ ಎಷ್ಟು ಜನ ಇದ್ರಿ ಸಿಸ್ಟರ್?"

ಆ ಕಾಲಮ್ಮು ನಾನು ಹಾಕಿರಲಿಲ್ಲ.

ಬೆರಳಿಟ್ಟು ಎಣಿಸಿದೆ. ಬುಧವಾರ. ಬುಧವಾರ. ಬುಧವಾರ.
ಸೆಲಿನಮ್ಮ, ಪುಟ್ಟಗೌರಮ್ಮ, ಜಯಶೀಲೆ,
ನನ್ನ ಜೊತೆಗೇ ನೈಟ್ ಡ್ಯೂಟಿಯಲ್ಲಿ ಸವೆದ ಆರು ಮಂಡಿಗಳನ್ನು
ಲಲಿತಾದ್ರಿಪುರದ ಎಣ್ಣೆ ಉಜ್ಜುವವನ ಹತ್ತಿರ ಒಯ್ಯುವ ದಿನ.
ಜಯಶೀಲೆ ಒಬ್ಬಳೇ ತೊಂಬತ್ತೆರಡು ಕೆಜಿ.
(ಇದನ್ನು ಅವಳಿಗೆ ಹೇಳಬೇಡಿ.)
ಏಳು ಸಲ ಬುಧವಾರ. ಎಂಟನೆಯದು, ಡಿಕ್ಕಿಯಲ್ಲಿ ಅಕ್ಕಿ ಮೂಟೆ.
ಒಂಬತ್ತನೆಯದು ಗೊತ್ತಿಲ್ಲ.

ಸ್ಟೇರಿಂಗಿಗೆ ಮಾದೇಶನನ್ನು ಕೂರಿಸಿದ. ಟಾರ್ಚು ನನ್ನ ಕೈಗೆ.
"ಫಸ್ಟಿಗೆ ಹಾಕು. ಹ್ಯಾಂಡ್‌ಬ್ರೇಕು ಬಿಗಿಯಾಗಿರ್ಲಿ.
ಕ್ಲಚ್ಚು ಮೆತ್ತಗೆ ಬಿಡು. ಅರ್ಧ. ಅಷ್ಟೇ ಸಾಕು."

ಎಂಜಿನ್ನು ಎಡಗಡೆಯಿಂದ ಎದ್ದಿತು,
ಮೇಟ್ರನ್ ಬಂದಾಗ ಸ್ಟೂಲಿನಿಂದೇಳುವ ಹೊಸ ಹುಡುಗಿಯ ಹಾಗೆ.
ಕೆಳಗೆ ಮೌಂಟಿಂಗಿನ ರಬ್ಬರು ಬಾಯಿ ಬಿಟ್ಟಿತು,
ಬೆರಳು ತೂರುವಷ್ಟು ಸೀಳು.
ಮಾದೇಶ ಕ್ಲಚ್ ಒತ್ತಿದ. ಕೂತಿತು. ಬಾಯಿ ಮುಚ್ಚಿತು.
ಟಾರ್ಚು ಹತ್ತಿರ ಹಿಡಿದೆ: ಒಂದು ಗೆರೆ ಕೂಡ ಕಾಣದು.

"ನಿಂತಾಗ ಕೂಡ್ಕೊಂಡಿರ್ತದೆ," ಅಂದ ಇನಾಯತ್.
"ಎಳೆದಾಗಲೇ ಗೊತ್ತಾಗೋದು. ಎಂಜಿನ್ ಏಳ್ತದೆ,
ಕಡ್ಡಿಗಳು ಅದರ ಜೊತೆ ಹೋಗ್ತವೆ, ಗೇರು ಕಳಚ್ಕೊಳ್ತದೆ.
ಪಾಪ, ಗೇರ್‌ಬಾಕ್ಸಿಗೆ ಏನೂ ಆಗಿಲ್ಲ."

ಏಳು ವಾರ ಅದನ್ನೇ ಬೈದಿದ್ದೆ,
ಚೆನ್ನಾಗಿ, ಹೆಸರಿಟ್ಟು.

ಹೊಸ ರಬ್ಬರು ಬಂತು. ಹಳೆಯದನ್ನು ಕಾಗದದಲ್ಲಿ ಸುತ್ತಿ ತಂದಿದ್ದೇನೆ,
ಕಿಟಕಿಯ ಮೇಲಿದೆ.
ನಾಲ್ಕು ಬುಧವಾರ ಆಯಿತು. ಜಾರಿಲ್ಲ.
ಆ ಒಂಬತ್ತನೆಯದು, ಬೆಳಿಗ್ಗೆ ಏಳೂಕಾಲು, ಒಬ್ಬಳೇ ಇದ್ದೆ,
ಇನಾಯತ್ ತಲೆ ಕೆರೆದುಕೊಂಡು "ಬಿಡಿ" ಅಂದ.

ಏರು ಬರುತ್ತದೆ. ನನ್ನ ಎಡಗೈ ತಾನಾಗಿ ಹೋಗಿ
ಕಡ್ಡಿಯ ಮೇಲೆ ಕೂರುತ್ತದೆ. ಹಿಂದಿನಿಂದ ಜಯಶೀಲೆ:
"ಯಾಕೇ, ರಿಪೇರಿ ಆಯ್ತಲ್ಲ?"
"ಆಯ್ತು," ಅನ್ನುತ್ತೇನೆ.
ಕೈ ತೆಗೆಯುವುದಿಲ್ಲ.