ಶ್ಯಾಕಲ್ ಬೋಲ್ಟು

ಎಂಬತ್ತೇಳನೇ ಇಸವಿಯ ಜೀಪು.
ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಹದಿನೆಂಟು ವರ್ಷ
ಮೀನಿನ ನೀರು ಕುಡಿದದ್ದು.
ಕೊಳ್ಳುವಾಗಲೇ ಬ್ರೋಕರ್ ಹೇಳಿದ್ದ:
ಬಾಡಿ ನೋಡಬೇಡಿ ಮೇಡಂ, ಕಣ್ಣು ಮುಚ್ಚಿ
ಇಂಜಿನ್ ಮಾತ್ರ ಕೇಳಿ.
ಕೇಳಿದೆ. ಕಣ್ಣು ಬಿಡುವಾಗ
ಸಂತೆಕಟ್ಟೆಯ ನನ್ನ ಅಂಗಳದಲ್ಲಿ ನಿಂತಿತ್ತು,
ಇಂಟರ್‌ಲಾಕಿನ ಮೇಲೆ ಕಂದು ಹುಡಿ ಉದುರಿಸುತ್ತ.

ಇವತ್ತಿಗೆ ಒಂಬತ್ತು ದಿನ.
ಬಲಗಡೆ ಹಿಂದಿನ ಶ್ಯಾಕಲ್ ಬೋಲ್ಟು
ಅಲ್ಲಾಡುವುದಿಲ್ಲ.

ಹಗಲಿಡೀ ಲ್ಯಾಬಿನಲ್ಲಿ ನರ ಹುಡುಕುವುದು ನನ್ನ ಕೆಲಸ.
ದಪ್ಪ ತೋಳಿನೊಳಗೆ ಅಡಗಿದ್ದನ್ನು
ಬೆರಳ ತುದಿಯಲ್ಲಿ ಕಾದು ಹಿಡಿಯುತ್ತೇನೆ.
ಆ ಧೈರ್ಯದಲ್ಲೇ ರಾತ್ರಿ ಊಟದ ಮೇಲೆ
ಟಾರ್ಚು ಬಾಯಲ್ಲಿ ಕಚ್ಚಿ, ಗೋಣಿಯ ಮೇಲೆ ಅಂಗಾತ,
ಐದು ಎಂಎಲ್ ಸಿರಿಂಜಿನಲ್ಲಿ
ಬೋಲ್ಟಿನ ಕುತ್ತಿಗೆಗೆ ಡೀಸೆಲು.
ಒಂದು ಹನಿ. ಇನ್ನೊಂದು.
ಮೂರನೆಯದು ನನ್ನ ಕಣ್ಣಿಗೆ.

"ಸುಜಯಾ, ಬಂತಾ?"
ಪಾಗಾರದಾಚೆ ಲಿಯಾಂಡರ್ ಪೊರ್ಬುಗಳ ತಲೆ.
ಕುವೈಟಿನಲ್ಲಿ ಕ್ರೇನು ಓಡಿಸಿದವರು,
ಲೋಕದಲ್ಲಿ ಎತ್ತಲಾಗದ್ದು ಉಂಟೆಂದು ಒಪ್ಪದವರು.
"ಗ್ಯಾಸು ತಾಗಿಸು ಮಾರಾಯ್ತಿ, ಹೂವಿನ ಹಾಗೆ ಬರ್ತದೆ."
ಡೀಸೆಲ್ ಟ್ಯಾಂಕು ನಾಲ್ಕು ಗೇಣು ದೂರ ಉಂಟು.
ಹೂವು ಆಮೇಲೆ ನಮಗೆ ಇಡಬೇಕಾದೀತು.

ಆದಿತ್ಯವಾರ ಶಿರ್ವದಿಂದ ಅಶ್ಫಾಕ್ ಬಂದ,
ಎದೆಯೆತ್ತರದ ಟಯರಿನ ಮೇಲೆ ಕೂತು.
ಮುಂದೆ ವಿಂಚು, ಮೇಲೆ ದೀಪದ ಸಾಲು,
ಸಮುದ್ರದಲ್ಲಿ ಬೋಟಿಗೂ ಅಷ್ಟು ಬೆಳಕಿರುವುದಿಲ್ಲ.
ಬಗ್ಗಿ ನೋಡಿದ, ನಾಲಿಗೆ ಲೊಚಗುಟ್ಟಿದ:
ಲೀಫ್ ಸೆಟ್ಟೇ ಬಿಸಾಡಿ ಅಕ್ಕಾ, ಬೊಲೆರೊ ಇಂಜಿನ್ ಇಳಿಸುವ,
ಪವರ್ ಸ್ಟೇರಿಂಗ್ ಹಾಕುವ, ಡಿಸ್ಕ್ ಬ್ರೇಕು...
ಅವ ಹೇಳುತ್ತ ಹೋದ ಹಾಗೆ
ನನ್ನ ಜೀಪಿನಲ್ಲಿ ಉಳಿದದ್ದು
ನಂಬರ್ ಪ್ಲೇಟು ಒಂದೇ.
ಚಾ ಕೊಟ್ಟೆ. ಕುಡಿದು, ಅಂಗಿ ಬಿಚ್ಚಿ,
ನಾಲ್ಕಡಿ ಪೈಪು ಸಿಕ್ಕಿಸಿ ಪಾನದ ಮೇಲೆ ನೇತಾಡಿದ.
ಪಾನ ಮುರಿಯಿತು.

ಬೈದೆ ನಾನು. ಅಶ್ಫಾಕನಿಗಲ್ಲ.
ಈ ಬೋಲ್ಟನ್ನು ಕೊನೆಗೆ ಬಿಗಿದವ ಯಾರೋ,
ಗ್ರೀಸು ಹಚ್ಚದವ, ಉಗ್ಗದವ,
ಅವನ ಕೈಗೆ ಹುಳ ಬೀಳಲಿ ಎಂದು
ಅಮ್ಮನಿಗೆ ಕೇಳುವ ಹಾಗೆಯೇ ಬೈದೆ.

ಹತ್ತನೇ ದಿನ ಗರಗಸ.
ಮೂರು ಬ್ಲೇಡು, ಎರಡು ಗಂಟೆ, ಒಂದು ಗುಳ್ಳೆ.
ಎರಡೂ ತಲೆ ಕತ್ತರಿಸಿ, ಉಳಿ ಇಟ್ಟು ಹೊಡೆದಾಗ
ನೆಲಕ್ಕೆ ಬಿತ್ತು. ಟಣ್ ಅನ್ನಲಿಲ್ಲ.
ಹಲ್ಲಿನಂತೆ ಮೆತ್ತಗೆ.

ಒರೆಸಿದೆ. ತುಕ್ಕಿನ ಕೆಳಗೆ ನೀಲಿ.

ನೈಲಾನ್ ದಾರ.
ಬುಷ್ ಸವೆದು ಲೊಟಲೊಟ ಅಂದಿರಬೇಕು,
ಹೊಸದಕ್ಕೆ ಸಾಹುಕಾರ ದುಡ್ಡು ಕೊಟ್ಟಿರಲಿಕ್ಕಿಲ್ಲ,
ಬೆಳಗ್ಗಿನ ಬೋಟಿಗೆ ಐಸು ಮುಟ್ಟಬೇಕಿತ್ತು.
ಬೋಲ್ಟಿನ ಮೈಗೆ ಒಂದರ ಪಕ್ಕ ಒಂದು,
ಎಲ್ಲೂ ಮೇಲೆ ಹತ್ತದ ಹಾಗೆ ಹನ್ನೊಂದು ಸುತ್ತು.
ಕೊನೆಗೆ ಗಂಟು.
ಆ ಗಂಟು ನನಗೆ ಗೊತ್ತು.
ನಮ್ಮ ಮಾವ ಕಾಲ ಹೆಬ್ಬೆರಳಿಗೆ ದಾರ ಸಿಕ್ಕಿಸಿ
ಹರಿದ ಬಲೆಗೆ ಹಾಕುತ್ತಿದ್ದ ಗಂಟು.
ಎಳೆದಷ್ಟೂ ಬಿಗಿ.

ಮಾವನದ್ದಲ್ಲ. ಅವರಿಗೆ ಜೀಪೆಂದರೆ ವಾಂತಿ.
ಬೇರೆ ಯಾರೋ. ಹೀಗೇ ಅಂಗಾತ ಮಲಗಿ,
ಬೀಡಿಯನ್ನೋ ಟಾರ್ಚನ್ನೋ ಕಚ್ಚಿಕೊಂಡು.
ಬೈದದ್ದನ್ನು ವಾಪಸು ತೆಗೆಯುವ ಪಾನ
ನನ್ನ ಪೆಟ್ಟಿಗೆಯಲ್ಲಿಲ್ಲ.

ಬಂದರಿನ ಗುಜರಿಯಲ್ಲಿ ಮೊಯ್ದಿನಬ್ಬ
ತೂಕಕ್ಕೆ ಕೊಟ್ಟ ಶ್ಯಾಕಲ್ಲು, ಲೇಥಿನಲ್ಲಿ ತಿರುಗಿಸಿದ ಬುಷ್ಷು,
ಹೊಸ ಬೋಲ್ಟು. ಗ್ರೀಸು ಬೆರಳಲ್ಲೇ ಸವರಿದೆ, ಧಾರಾಳ.
ದಾರವನ್ನು ಸ್ಯಾಂಪಲ್ ಟ್ಯೂಬಿಗೆ ಹಾಕಿ
ಅಭ್ಯಾಸದಂತೆ ಚೀಟಿ ಅಂಟಿಸಿದೆ.
ತಾರೀಕು ಬರೆದೆ. ಹೆಸರಿನ ಜಾಗ ಹಾಗೇ ಬಿಟ್ಟೆ.

"ಬಂತಾ?"
"ಬಂತು ಪೊರ್ಬುಗಳೇ."
"ನಾನು ಹೇಳಲಿಲ್ಲವಾ?"

ಎಡಗಡೆಯದ್ದು ಇನ್ನೂ ಉಂಟು.
ಸಿರಿಂಜು ತುಂಬಿಸುತ್ತೇನೆ.