ಗುಡಿಸು

ಟೆಲಾವಿಯ ಇಳಿಜಾರು ಬೀದಿಯ ಬೇಕರಿಯಲ್ಲಿ
ಒಲೆಯೆಂದರೆ ಅರ್ಧ ನೆಲದೊಳಗೆ ಹೂತ ಹಗೇವು.
ಕಾಳಿನ ಬದಲು ಹೊಟ್ಟೆ ತುಂಬ ಕೆಂಡ.
ಎತೆರಿ ಅದರೊಳಕ್ಕೆ ಸೊಂಟದ ತನಕ ಬಗ್ಗಬೇಕು,
ಕಾಲ್ಬೆರಳ ತುದಿಯಲ್ಲಿ ನಿಂತು, ಉಸಿರು ಕಟ್ಟಿ,
ದೋಣಿಯ ಹಾಗೆ ಎಳೆದ ಹಿಟ್ಟನ್ನು
ಒಳಗೋಡೆಗೆ ಬಡಿದು
ಹುಬ್ಬು ಸೀಯುವ ಮೊದಲು ಮೇಲೇಳಬೇಕು.

ಅರವತ್ತೆರಡು ಅವಳಿಗೆ.
ಮೊನ್ನೆ ಮೊನ್ನೆಯ ತನಕ ಗಣಿತದ ಮೇಡಂ.

ಮೊದಲ ದಿನ ಹತ್ತು ಬ್ರೆಡ್ಡು ಬಡಿದಳು.
ಹತ್ತರಲ್ಲಿ ಒಂದೂ ಹತ್ತಲಿಲ್ಲ.
ಒಂದೊಂದೇ ಗೋಡೆ ಬಿಟ್ಟು,
ಏನೋ ಯೋಚಿಸಿದ ಹಾಗೆ ಒಂದು ಕ್ಷಣ ಜೋತು,
ಬೂದಿಗೆ.
ಬಾಗಿಲ ಬಳಿಯ ನಾಯಿ ಕುರ್ಶಾ
ಅಂದಿನಿಂದ ಬೇರೆ ಬೀದಿಗೆ ಹೋಗಿಲ್ಲ.

'ನನ್ನ ಕೈಗೆ ಇದು ಹತ್ತಲ್ಲ' ಎಂದಳು,
ಎಂದವಳೇ ಸುಮ್ಮನಾದಳು.
ಈ ದನಿ ಎಲ್ಲೋ ಕೇಳಿದ್ದು.
ಇದೇ ಏರಿಳಿತ, ಕೊನೆಯಲ್ಲಿ ಇದೇ ಬೀಗ.

ಮೂರನೇ ಬೆಂಚಿನ ವರ್ಲಾಮ್,
ಭಿನ್ನರಾಶಿಯ ಅಂಚಿಗೆಲ್ಲ ಹುಂಜ ಬರೆಯುತ್ತಿದ್ದವನು.
ಅವನ ತಾಯಿಯನ್ನು ಕರೆಸಿ ಹೇಳಿದ್ದಳು:
'ಇವನ ತಲೆಗೆ ಲೆಕ್ಕ ಹತ್ತಲ್ಲ ಕಣಮ್ಮ.'
ತಾಯಿ ತಲೆಯಾಡಿಸಿದ್ದಳು,
ಡಾಕ್ಟರು ಹೇಳಿದ್ದಕ್ಕೆ ಆಡಿಸುವ ಹಾಗೆ.
ಹುಡುಗ ಅಂದಿನಿಂದ ಹುಂಜವನ್ನೂ ಬರೆಯಲಿಲ್ಲ.

ಮೊದಲ ಬೆಂಚಿನ ಮ್ಜಿಯಾಳಿಗೋ,
'ಹುಟ್ಟಾ ಜಾಣೆ ನೀನು' ಎಂದಿದ್ದಳು.
ಆ ಮಾತು ಒಡೆದೀತೆಂದು
ಮ್ಜಿಯಾ ಆಮೇಲೆ ಕಷ್ಟದ ಲೆಕ್ಕ ಮುಟ್ಟಲೇ ಇಲ್ಲ.
ಅವಳ ಪುಟದಲ್ಲಿ ಒಂದೂ ಚಿತ್ತು ಇರಲಿಲ್ಲ.
ಎಷ್ಟೋ ಪುಟಗಳಲ್ಲಿ ಏನೂ ಇರಲಿಲ್ಲ.

ಗುಲಿಕೋ, ಅವಳ ವಯಸ್ಸಿನ ಅರ್ಧದವಳು,
ಬಿದ್ದ ಬ್ರೆಡ್ಡನ್ನು ಇಕ್ಕಳದಲ್ಲೆತ್ತಿ
ಬೂದಿ ಊದಿ, ಪತ್ರ ಓದುವಂತೆ ಓದಿದಳು.
'ನೋಡಿ, ಬೆರಳಿನ ಗುರುತು ನಾಲ್ಕೇ ಇದೆ.
ಕೈ ಹೆದರಿ ಮೊದಲೇ ವಾಪಸು ಬಂದಿದೆ.
ಉಪ್ಪುನೀರು ಈ ಬದಿಗೆ ಸೋಕಿಯೇ ಇಲ್ಲ.
ಹತ್ತಲ್ಲ ಅನ್ನಬೇಡಿ ಮೇಡಂ.
ಹತ್ತಿಲ್ಲ ಅನ್ನಿ.'

ಅವರ ಭಾಷೆಯಲ್ಲಿ ಅದಕ್ಕೊಂದು ಬೇರೆಯೇ ಪದವಿರಬೇಕು.
ನಮ್ಮಲ್ಲಾದರೆ ಬರೇ ಒಂದು ಗುಡಿಸು:
ತಲೆಕಟ್ಟು ತೆಗೆದು ಗುಡಿಸು ಇಟ್ಟರೆ
ಮುಚ್ಚಿದ ಬಾಗಿಲು
ಇನ್ನೂ ತೆರೆಯದ ಬಾಗಿಲಾಗುತ್ತದೆ.
ಬಾಗಿಲು ಅದೇ. ತಳ್ಳುವ ಕೈ ಬೇರೆ.

ಎತೆರಿ ಹಳೇ ಚಟದಂತೆ ನೋಟುಬುಕ್ಕು ತಂದಳು,
ಗೆರೆ ಹೊಡೆದು ಅಂಕಣ ಮಾಡಿದಳು:
ಬಿದ್ದದ್ದು ಎಷ್ಟು, ಯಾವ ಕಡೆಗೆ, ಹಿಟ್ಟಿನ ಹದವೇನು,
ಗಾಳಿ ಬೀಸಿತ್ತೇ, ನಾನು ಬೆದರಿದ್ದೆನೇ.
ಕೊನೆಯ ಅಂಕಣಕ್ಕೆ ಬಹಳ ದಿನ
ಸುಳ್ಳು ಬರೆದಳು.
ಮೊಣಕೈಗೆ ಸುಟ್ಟ ಬೊಬ್ಬೆ, ಅದರ ಪಕ್ಕ ಇನ್ನೊಂದು.
ಕೆಂಪು ಶಾಯಿ ಮನೆಯಲ್ಲೇ ಉಳಿಯಿತು.

ಹದಿನೇಳನೆಯ ದಿನ ಒಂದು ನಿಂತಿತು.
ಗೋಡೆಗೆ ಕಿವಿಗೊಟ್ಟವರ ಹಾಗೆ, ವಾರೆಯಾಗಿ.
ಒಂದು ತುದಿ ಕರಕಲು, ಇನ್ನೊಂದು ಹಸಿ ಹಸಿ.
ಕೊಳ್ಳಲು ಬಂದ ಮುದುಕ ಅದನ್ನು ತಿರುಗಿಸಿ ನೋಡಿ
ಗುಲಿಕೋ ಮಾಡಿದ್ದನ್ನೇ ಕೊಂಡ.
ಎತೆರಿ ತನ್ನದನ್ನು ಮುರಿದು, ನಡುವಿನ ಬೆಂದ ಭಾಗವನ್ನು
ನಿಂತಲ್ಲೇ ಉಪ್ಪು ಹಚ್ಚಿ ತಿಂದಳು.
ಕುರ್ಶಾ ಮುನಿಸಿಕೊಂಡು ಅತ್ತ ತಿರುಗಿತು.

ಮರುದಿನ ಮತ್ತೆ ಏಳು ಬಿದ್ದವು.

ಸಂಜೆ ಪೊರಕೆ ಹಿಡಿದು ಬೂದಿ ಗುಡಿಸುತ್ತ ಕೇಳಿದಳು:
'ವರ್ಲಾಮ್ ಅಂತ ಒಬ್ಬನಿದ್ದ, ಈಗ ಎಲ್ಲಿದ್ದಾನೋ.
ವ್ಯಾನು ಓಡಿಸುತ್ತಾನಂತೆ. ನಲವತ್ತು ದಾಟಿರಬೇಕು.
ಅವನಿಗೆ ಒಂದು ಮಾತು ತಿದ್ದಿ ಹೇಳಬೇಕಿತ್ತು.
ತಡವಾಯಿತೇನೋ?'

ಗುಲಿಕೋ ಒಲೆಯ ಬಾಯಿಗೆ ಮುಚ್ಚಳ ಎಳೆದಳು.
ನನಗೇನು ಗೊತ್ತು, ಎಂದಳು.
ನಾಳೆ ಐದಕ್ಕೇ ಬನ್ನಿ,
ಚಳಿಗೆ ಹಿಟ್ಟು ಇನ್ನೂ ಉಬ್ಬಿಲ್ಲ.